ಅವ್ವ ಎಳೆದ ಕೆಂಪು ಪಟ್ಟಿ

ಮನೆ ಕೊಂಡೆ ಎಂದಾಗ ಊರವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಮನಿ? ವಾಡೇದ ಮನೀನ?" ಹೌದು ಎಂದರೆ ಒಂದೆರಡು ಕ್ಷಣ ಸುಮ್ಮನಾಗಿ, ಆಮೇಲೆ, "ಚೊಲೋ ಆತು ಬಿಡ್ರಿ ಮಾಸ್ತರ್ರ" ಅನ್ನುತ್ತಿದ್ದರು. ಆ ಒಂದೆರಡು ಕ್ಷಣದಲ್ಲಿ ಅವರ ತಲೆಯೊಳಗೆ ಏನು ಹಾದುಹೋಯಿತು ಎಂದು ಊಹಿಸುತ್ತ ನಾನು ಎಂಟನೆಯ ತರಗತಿಯ ಹಲಗೆಯ ಮೇಲೆ ಸುಲಭದ ಸಮೀಕರಣವೊಂದನ್ನು ಎರಡು ಸಲ ತಪ್ಪಾಗಿ ಬಿಡಿಸಿದ್ದೇನೆ.

ನಾನು ಗಣಿತದ ಮಾಸ್ತರ. ಚಿಂತೆ ಮಾಡುವುದು ನನ್ನ ಎರಡನೆಯ ನೌಕರಿ. ಮೊದಲನೆಯದಕ್ಕೆ ಬೇಸಿಗೆ ರಜೆಯಾದರೂ ಇದೆ. ವರ್ಗಾವಣೆಯೂ ಇದೆ: ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ. ಮೂರೂ ಊರಿನಲ್ಲಿ ಬಾಡಿಗೆ ಮನೆ ಹುಡುಕಿದ್ದೇನೆ. ಮನೆ ತೋರಿಸುವ ಮೊದಲು ಎಲ್ಲರೂ ನಗುನಗುತ್ತಲೇ, "ಅಡ್ಡಹೆಸರೇನ್ರಿ ಸರ?" ಎಂದು ಕೇಳುತ್ತಿದ್ದರು. ಅಡ್ಡಹೆಸರು ಕೇಳಿದ ಮೇಲೆ ಕೆಲವು ಮನೆಗಳಿಗೆ ಇದ್ದಕ್ಕಿದ್ದಂತೆ ತಮ್ಮನೋ ಅಳಿಯನೋ ಬರುವವನಿರುತ್ತಿದ್ದ. ಕೊಟ್ಟವರೂ ಇದ್ದರು, ಅವರ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲೂ ನಾನು ಹೆದರುತ್ತಿದ್ದೆ. ಕಡೆಗೆ ಇಂಡಿ ತಾಲೂಕಿನ ನಮ್ಮೂರ ಹತ್ತಿರದ ಸಾಲೆಗೇ ವರ್ಗವಾಗಿ ಬಂದೆವು. ಬಂದ ಎರಡನೇ ವರ್ಷ, ವಾಡೆಯ, ಅಂದರೆ ಊರ ಹಳೆಯ ಜಮೀನುದಾರರ ದೊಡ್ಡ ಮನೆಯ, ವಾರಸುದಾರರು ಪಾಲು ಮಾಡಿಕೊಂಡು ಮುಂಭಾಗವನ್ನು ಮಾರುವವರಿದ್ದಾರೆ ಎಂಬ ಸುದ್ದಿ ತಂದವಳು ನನ್ನ ಹೆಂಡತಿ. ನಾನು ಬೇಡವೆನ್ನಲು ಹದಿನಾಲ್ಕು ಕಾರಣ ಬರೆದೆ. ಅವಳು ಹಾಳೆಯನ್ನು ಓದಿ, ಮಡಚಿ, ರೊಟ್ಟಿಯ ಬುಟ್ಟಿಯ ಕೆಳಗೆ ಹಾಸಿದಳು.

ಆ ಮನೆ ಹೀಗಿದೆ: ಬೀದಿಯ ದೊಡ್ಡ ಬಾಗಿಲು ದಾಟಿದರೆ ಉದ್ದನೆಯ ದೇವಡಿ. ಐದು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಓಣಿಯಂಥ ಜಾಗ, ಎರಡೂ ಕಡೆ ಮೊಳ ದಪ್ಪದ ಮಣ್ಣಿನ ಗೋಡೆ. ಅದರ ತುದಿಯಲ್ಲಿ ಎಡಕ್ಕೆ ಪಡಸಾಲೆಯ ಬಾಗಿಲು, ಬಲಕ್ಕೆ ಕಟ್ಟಿಗೆಯ ಹನ್ನೊಂದು ಮೆಟ್ಟಿಲು. ಮೆಟ್ಟಿಲು ಹತ್ತಿದರೆ ದೇವಡಿಯ ಮೇಲೆಯೇ ಒಂದು ಖೋಲಿ, ಅದಕ್ಕೆ ಬೀದಿಯ ಕಡೆ ಒಂದು ಕಿಟಕಿ.

ಈ ದೇವಡಿಗೆ ನನ್ನ ಅವ್ವ ಇಪ್ಪತ್ತು ವರ್ಷ ಸುಣ್ಣ ಹೊಡೆದಿದ್ದಾಳೆ.

ಊರ ಹೊರಗಿನ ನಮ್ಮ ಕೇರಿಗೆ ಸೊಸೆಯಾಗಿ ಬಂದ ನಾಲ್ಕೈದು ವರ್ಷಕ್ಕೆ ಶುರುವಾಗಿ, ನನಗೆ ನೌಕರಿ ಸಿಗುವವರೆಗೆ. ಹಬ್ಬದ ಮುಂದೆ ವಾಡೆಯ ಹೊರಗೋಡೆ ಮತ್ತು ದೇವಡಿಗೆ ಸುಣ್ಣ ಬಳಿಯುವುದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ಅವಳ ಕೆಲಸ. ಈ ಪಟ್ಟಿಗೆ ನಮ್ಮಲ್ಲಿ ಕಾರಣಿ ಅನ್ನುತ್ತಾರೆ; ಕಸಬರಿಗೆ ತಾಗಿದ್ದು, ಕಾಲು ತಾಗಿದ್ದು, ದನದ ಬಾಲ ತಾಗಿದ್ದು ಯಾವುದೂ ಅದರ ಮೇಲೆ ಕಾಣುವುದಿಲ್ಲ. ಪಡಸಾಲೆಯ ಹೊಸ್ತಿಲು, ಮೆಟ್ಟಿಲಿನ ಮೊದಲ ಹಲಗೆ, ಇವೆರಡು ನಮ್ಮ ಕೇರಿಯವರಿಗೆ ಗಡಿ. ಅಲ್ಲಿಂದಾಚೆ ಮನೆಯ ಹೆಂಗಸರೇ ಸುಣ್ಣ ಹಚ್ಚಿಕೊಳ್ಳುತ್ತಿದ್ದರು. ಗೋಡೆಯ ಜೊತೆಗೇ ನೆಲವನ್ನೂ ಸಾರಿಸುತ್ತ, ಅವ್ವ ಮೆಟ್ಟಿಲ ಬುಡದಿಂದ ಶುರುಮಾಡಿ, ಹಿಂದೆ ಹಿಂದೆ ಸರಿಯುತ್ತ, ಬೀದಿ ಬಾಗಿಲಿಗೆ ಬರುವಳು. ಹಸಿಯನ್ನು ತುಳಿಯಬಾರದಲ್ಲ. ಕಡೆಯ ಸಲ ಕುಂಚ ಎಳೆಯುವ ಹೊತ್ತಿಗೆ ಅವಳ ಎರಡೂ ಕಾಲು ಹೊಸ್ತಿಲ ಹೊರಗಿರಬೇಕು. ಅದು ಕೆಲಸದ ರೀತಿಯೂ ಹೌದು, ಊರ ರೀತಿಯೂ ಹೌದು.

ಬೀಗದಕೈ ಸಿಕ್ಕ ದಿನ ಅವ್ವನನ್ನು ಕರೆದುಕೊಂಡು ಹೋದೆ. ಅವಳೇ ಮೊದಲು ಒಳಗೆ ಕಾಲಿಡಲಿ ಎಂದು ನನ್ನ ಆಸೆ. ಅವ್ವ ಬಾಗಿಲಿನ ಚೌಕಟ್ಟನ್ನು ಒಮ್ಮೆ ಮುಟ್ಟಿ, ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಒಳಗ ಬಾ ಅವ್ವಾ."

"ನೀವು ನೋಡ್ರಿ. ಇಲ್ಲಿ ಗಾಳಿ ಚೊಲೋ ಐತಿ."

ಏಪ್ರಿಲ್ ತಿಂಗಳು. ಗಾಳಿ ಒಲೆಯಿಂದ ಬರುವಂತೆ ಬರುತ್ತಿತ್ತು.

ಮರುದಿನವೂ ಹಾಗೆಯೇ. ಒಂದು ದಿನ ದೇವಡಿಯೊಳಗೆ ನಾಲ್ಕು ಹೆಜ್ಜೆ ಬಂದಳು, ಮೆಟ್ಟಿಲ ಬುಡದವರೆಗೂ ಬರಲಿಲ್ಲ. ಮೇಲಿನ ಖೋಲಿ ನಿನ್ನದೇ, ನಿನಗೆಂದೇ ಇಟ್ಟದ್ದು ಎಂದೆ. "ಮೊಣಕಾಲ ನೂಸ್ತಾವ ತಮ್ಮಾ" ಎಂದಳು. ಸಿಂದಗಿಯ ಬಾಡಿಗೆ ಮನೆ ಮೇಲಂತಸ್ತಿನಲ್ಲಿತ್ತು. ಇದೇ ಮೊಣಕಾಲು ಅಲ್ಲಿ ಹತ್ತೊಂಬತ್ತು ಮೆಟ್ಟಿಲನ್ನು ನೀರಿನ ಕೊಡದ ಸಮೇತ ದಿನಕ್ಕೆ ನಾಲ್ಕು ಸಲ ಹತ್ತಿದ್ದವು. ಇದನ್ನು ಅವಳಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ. ಅದರ ಬದಲು ಚಿಂತೆ ಮಾಡಿದೆ: ಅವ್ವ ಈ ಮನೆಗೆ ಬಂದು, ಕಡೆಯವರೆಗೂ ಕಟ್ಟೆಯ ಮೇಲೆಯೇ ಕುಳಿತುಬಿಟ್ಟರೆ? ಹೋಗುವವರು ಬರುವವರು ನೋಡಿ, ಇಪ್ಪತ್ತು ವರ್ಷದ ಹಿಂದೆ ಕೂತಲ್ಲೇ ಕೂತಾಳ ನೋಡ್ರಿ, ಅಂದುಕೊಂಡರೆ? ಹಾಗಾದರೆ ನಾನು ಕೊಂಡದ್ದಾದರೂ ಏನನ್ನು?

ನನಗೆ ಹೊಳೆದ ಉಪಾಯ, ಮನೆಯ ಗುರುತೇ ಸಿಗದಂತೆ ಮಾಡಿಬಿಡುವುದು. ದೇವಡಿ ಬದಲಾಗಬೇಕು, ಮೆಟ್ಟಿಲು ಥಳಥಳ ಅನ್ನಬೇಕು, ಗೋಡೆಯ ಬುಡಕ್ಕೆ ಪಟ್ಟಣದ ಮನೆಗಳಂತೆ ಕರಿ ಗ್ರಾನೈಟಿನ ಪಟ್ಟಿ ಬರಬೇಕು. ಹಳೆಯದು ಯಾವುದೂ ಕಣ್ಣಿಗೆ ಬೀಳದಿದ್ದರೆ ಅವ್ವನಿಗೆ ಹಳೆಯದು ನೆನಪಾಗುವುದಿಲ್ಲ. ಬುದ್ಧ ಪೂರ್ಣಿಮೆಗೆ ಒಕ್ಕಲಾಗುವುದು ಎಂದು ನಿಶ್ಚಯಿಸಿ, ಮಾಡಬೇಕಾದ ಕೆಲಸಗಳನ್ನು ಬರೆದೆ. ಹೆಂಡತಿ ನೋಡಿ, "ಸಾಲೋಟಗಿ ಶಾಸನಾನೂ ಇಷ್ಟ ಉದ್ದ ಇರಲಿಕ್ಕಿಲ್ಲ ಬಿಡ್ರಿ" ಎಂದಳು.

ಮೊದಲು ಬಂದವರು ಹೊರ್ತಿಯ ಬಡಿಗೇರ ಕಾಕಾ. ಅರವತ್ತು ದಾಟಿದ ಮನುಷ್ಯ, ಕಟ್ಟಿಗೆಯ ಜೊತೆ ಮಾತಾಡುವಾಗ ಮೆತ್ತಗೆ, ಮನುಷ್ಯರ ಜೊತೆ ಮಾತಾಡುವಾಗ ಗಟ್ಟಿ. ಮೆಟ್ಟಿಲಿಗೆ ಯಾರೋ ಹಿಂದೆ ಹಸಿರು ಆಯಿಲ್ ಪೇಂಟ್ ಬಳಿದಿದ್ದರು. ಒಂದು ಮೂಲೆಯಲ್ಲಿ ಅದನ್ನು ಕೆರೆದು ನೋಡಿ ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು.

"ಸಾಗವಾನಿ ಐತ್ರಿ ಮಾಸ್ತರ್ರ! ಸಾಗವಾನಿಗೆ ಬಣ್ಣಾ ಹಚ್ಚ್ಯಾರಲ್ರೀ! ಹಾಲಿಗೆ ಖಾರ ಹಾಕಿ ಕುಡದಾರ ಈ ಮಂದಿ."

ಮೂರು ದಿನ ಕೆರೆದರು. ಹಸಿರು ಹೋಗಿ ಜೇನಿನ ಬಣ್ಣದ ಕಟ್ಟಿಗೆ ಹೊರಗೆ ಬಂತು. ಪ್ರತಿ ಮೆಟ್ಟಿಲಿನ ನಡುವೆ, ತಲೆಮಾರುಗಳ ಕಾಲು ಬಿದ್ದು, ಬೋಗುಣಿಯ ತಳದಂಥ ತಗ್ಗು. ಅದನ್ನು ರಂದಾ ಹೊಡೆದು ಸಮ ಮಾಡಿಬಿಡಿ ಎಂದೆ. ಆ ಕಾಲುಗಳಲ್ಲಿ ನಮ್ಮವರ ಒಂದೂ ಕಾಲಿಲ್ಲ ಎಂಬುದು ನನ್ನ ಲೆಕ್ಕ. ಕಾಕಾ ಒಪ್ಪಲಿಲ್ಲ. "ಸಮ ಮಾಡಾಕ ಹೋದ್ರ ಹಲಗಿ ಅರ್ಧಕ್ಕ ಅರ್ಧ ಹೊಕ್ಕೈತಿ. ಆಮ್ಯಾಲ ನಿಮ್ಮ ಕಾಲ ಸೀದಾ ಕೆಳಗ ಬರ್ತೈತಿ. ನೀವೂ ಹತ್ತರಿ, ಇಳೀರಿ. ನಿಮ್ಮದೂ ಒಂದೀಟ ಸವೀಲಿ."

ಮೆಟ್ಟಿಲು ಹತ್ತಿದರೆ ಎಲ್ಲೋ ಒಂದು ಕಡೆ ಕಿರ್ರ್ ಎನ್ನುತ್ತಿತ್ತು. ಕಾಕಾ ಮೇಲಿನಿಂದ ಕೆಳಗೆ ಬಡಿದು ನೋಡಿದರು, ಸಿಗಲಿಲ್ಲ. "ಯಾವದರಾಗೋ ಸೀಳ ಐತ್ರಿ. ಯಾವದರಾಗ ಅಂತ ತಿಳೀವಲ್ದು."

ಹೊರಗಿನ ಕಟ್ಟೆಯಿಂದ ಅವ್ವನ ದನಿ ಬಂತು. "ಐದನೇದು ನೋಡ್ರಿ. ಕೆಳಗಿಂದ ಎಣಸ್ರಿ. ಎತ್ತಿನ ಕಣ್ಣಿನಂಥಾ ಗಂಟ ಐತಲ್ಲ, ಅದರ ಬಾಜೂಕ."

ಕಾಕಾ ನನ್ನ ಮುಖ ನೋಡಿದರು. ನಾನು ಕಾಕಾರ ಮುಖ ನೋಡಿದೆ. ಅವರು ಮೊಬೈಲಿನ ಬೆಳಕು ಹಿಡಿದು ಮೆಟ್ಟಿಲಿನ ಅಡಿಗೆ ನುಸುಳಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ನಗುವ ಸದ್ದು. "ಐತ್ರೆಪಾ! ಕಣ್ಣೂ ಐತಿ, ಸೀಳೂ ಐತಿ! ಯಕ್ಕಾ, ನೀವು ಯಾವಾಗ ನೋಡಿದ್ರಿ ಇದನ್ನ?"

"ನೋಡೂದೇನ ಬಂತು? ಮಧ್ಯಾಹ್ನದಾಗ ಬುತ್ತಿ ಉಂಡು ಅದರ ಬುಡಕ ಅಡ್ಡ ಆಗತಿದ್ದೆ. ಸುಣ್ಣದ ಡಬ್ಬಿ ಒಂದ ಬಾಜೂಕ, ನಾ ಒಂದ ಬಾಜೂಕ. ಇಪ್ಪತ್ತ ವರ್ಷ ಅದನ್ನ ನೋಡೇನಿ." ಆಮೇಲೆ ಸೇರಿಸಿದಳು: "ಕೆಳಗಿನ ಬಾಜೂ ಏನ ಬೇಕಾದ್ದು ಕೇಳ್ರಿ. ಮ್ಯಾಲಿನ ಬಾಜೂ ಹೆಂಗೈತಿ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ."

ಕಾಕಾ ಮೆಟ್ಟಿಲಿನ ಅಡಿಯಿಂದ ಹೊರಗೆ ಬಂದರು, ಮೀಸೆಯ ತುಂಬ ಜೇಡರ ಬಲೆ. ಸೀಳಿಗೆ ಜಾಲಿಯ ಬೆಣೆ ಕೆತ್ತಿ ಕೂರಿಸಿ, ಎಲ್ಲ ಮೆಟ್ಟಿಲಿಗೂ ಪಾಲಿಶ್ ಪೇಪರ್ ತಿಕ್ಕಿ, ಅಗಸಿ ಎಣ್ಣೆಯನ್ನು ಮೂರು ಕೈ ಕುಡಿಸಿದರು. ಕಡೆಯ ದಿನ ತಾವೇ ಹತ್ತಿ ಇಳಿದು ತೋರಿಸಿದರು. "ಇನ್ನ ಬೆಕ್ಕ ಹತ್ತಿದ್ರೂ ಸಪ್ಪಳಿಲ್ಲ, ಆನಿ ಹತ್ತಿದ್ರೂ ಸಪ್ಪಳಿಲ್ಲ." ಹೋಗುವಾಗ ಕಟ್ಟೆಯ ಮುಂದೆ ನಿಂತು ಅವ್ವನಿಗೆ, "ಯಕ್ಕಾ, ಮ್ಯಾಲಿನ ಬಾಜೂನೂ ಚೊಲೋ ಆಗೇತಿ ನೋಡ್ರಿ" ಎಂದರು. ಅವ್ವ, "ಆಗಿರತೈತಿ ಬಿಡಪಾ. ಕೈ ಚೊಲೋ ಐತಿ ನಿಂದು" ಎಂದಳು. ಆದರೆ ಏಳಲಿಲ್ಲ.

ಮುಂದಿನದು ಗ್ರಾನೈಟಿನ ಕಥೆ. ಬೇಗ ಮುಗಿಸುತ್ತೇನೆ, ಅದೂ ಬೇಗ ಮುಗಿಯಿತು. ಇಂಡಿಯಿಂದ ತರಿಸಿದ ನಾಲ್ಕು ಇಂಚಿನ ಕರಿ ಪಟ್ಟಿಗಳು, ಮುಖ ಕಾಣುವಷ್ಟು ಹೊಳಪು. ಮಣ್ಣಿನ ಗೋಡೆಗೆ ಸಿಮೆಂಟು ಹಿಡಿಯುವುದಿಲ್ಲ ಎಂದು ಗೌಂಡಿ ಎರಡು ಸಲ ಹೇಳಿದ. ನಾನು ಹೋಗಲಿ ಎನ್ನದೆ ಮೂರನೆಯ ಸಲ ಹೇಳಿಸಿಕೊಂಡು, ಆದರೂ ಹಚ್ಚಿಸಿದೆ. ಎರಡು ದಿನ ನಿಂತವು. ಮೂರನೆಯ ದಿನ ಬೆಳಗ್ಗೆ ನಾವು ದೇವಡಿಯಲ್ಲಿ ಚಹಾ ಕುಡಿಯುತ್ತಿದ್ದಾಗಲೇ ಮೊದಲನೆಯದು ಠಪ್ ಎಂದು ಮಗುಚಿತು, ಅದನ್ನು ನೋಡಿ ಎರಡನೆಯದಕ್ಕೂ ಧೈರ್ಯ ಬಂತು. ಮಧ್ಯಾಹ್ನದೊಳಗೆ ಗೋಡೆಯ ಒಂದು ಪದರ ಮಣ್ಣನ್ನು ಬೆನ್ನಿಗಂಟಿಸಿಕೊಂಡು ಎಲ್ಲವೂ ಮಲಗಿದ್ದವು. ಮರೆತ ಉಳಿ ಒಯ್ಯಲು ಬಂದಿದ್ದ ಬಡಿಗೇರ ಕಾಕಾ, "ಮಣ್ಣಿನ ಗ್ವಾಡಿಗೆ ಕಲ್ಲಿನ ಧೋತರಾ ಉಡಸಾಕ ಹೋದ್ರ ನಿಂದ್ರತೈತೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಪಟ್ಟಿ ಕಿತ್ತುಬಂದ ಕಡೆ ಗೋಡೆಯ ಪದರಗಳು ಕಂಡವು. ಮೇಲೆ ಹಸಿರು ಡಿಸ್ಟೆಂಪರ್, ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ, ಅದರ ಕೆಳಗೆ ಬಿಳಿ ಸುಣ್ಣ, ಅದಕ್ಕಂಟಿಕೊಂಡು ಕೆಂಪು. ಇಷ್ಟು ವರ್ಷ ಮುಚ್ಚಿಟ್ಟರೂ ಹೊಸ ಹೆಂಚಿನಂತೆ ಇತ್ತು. ನಾನು ಹೊರಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಎದ್ದು ಬಂದು, ಬಾಗಿಲ ಪಕ್ಕದ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಸೆರಗಿನಿಂದ ಧೂಳು ಒರೆಸಿದಳು.

"ನಂದ ಐತಿ."

"ಹೆಂಗ ಗೊತ್ತಾಕ್ಕೈತಿ?"

"ಮೂಲಿ ನೋಡು. ಬ್ಯಾರೇದವರು ಇಲ್ಲಿಗೆ ಬಂದು ಕುಂಚ ಎತ್ತತಾರ, ಮತ್ತ ಇಡತಾರ. ಜೋಡ ಕಾಣತೈತಿ. ನಾ ಎತ್ತತಿರಲಿಲ್ಲ. ಹಿಂಗ ಹೊಳ್ಳಿಸಿ ಒಯ್ತಿದ್ದೆ." ಕೈಯನ್ನು ಗಾಳಿಯಲ್ಲಿ ತಿರುವಿ ತೋರಿಸಿದಳು. ನಿಜವಾಗಿಯೂ ಜೋಡು ಇರಲಿಲ್ಲ. ಮೂಲೆಯಲ್ಲಿ ಕೆಂಪು ನೀರಿನಂತೆ ಹರಿದು ತಿರುಗಿತ್ತು. ಅವ್ವ ಅದನ್ನೇ ನೋಡುತ್ತ ಹೇಳಿದಳು: "ಕೆಮ್ಮಣ್ಣ ತರಸು. ಜಾಲಿ ಅಂಟ ಒಂದ ಹಿಡಿ. ಪುಂಡಿ ನಾರ ಕೇರ್ಯಾಗಿನ ಮನ್ಯಾಗ ಐತಿ, ಕುಂಚ ನಾ ಕಟ್ಟಿಕೋತೇನಿ. ಪೂರ್ಣಿಮಾಕ ಕಾರಣಿ ನಾ ಹಚ್ಚತೇನಿ."

"ಬ್ಯಾಡ" ಎಂದೆ. ಬಾಯಿಗೆ ಬಂದ ಮೊದಲ ಮಾತೇ ಅದು. "ಈ ಮನ್ಯಾಗ ನೀ ಇನ್ನ ಕುಂಚ ಹಿಡೀಬಾರದು."

"ಯಾಕ?"

"ಮಂದಿ ಏನಂದಾರು? ಮಗಾ ವಾಡೆ ತಗೊಂಡಾನ, ಅವ್ವನ ಕೈಲೆ ಮತ್ತ ಅದ ಕೆಲಸ ಮಾಡಸಾಕತ್ತಾನ ಅಂದಾರು."

"ಮಂದಿ ಅಂದಾರೋ, ನಿನಗ ಅನಸ್ತೈತೋ?"

ಅವ್ವ ಗೋಡೆ ಹಿಡಿದು ಎದ್ದಳು. "ನಿನಗ ನಾಚಿಕಿ ಬರೂದು ನಾ ಹೊರಗ ನಿಂತಿದ್ದಕ್ಕ. ಬರಲಿ, ನನಗೂ ಸಿಟ್ಟ ಬರತೈತಿ. ಆದ್ರ ಗೆರಿ ಏನ ಮಾಡೇತಿ? ಈ ಊರಾಗ ದಾರ ಹಿಡೀಲಾರದ ಸೀದಾ ಗೆರಿ ಎಳ್ಯಾಕಿ ನಾ ಒಬ್ಬಾಕಿನ ಇದ್ದೆ. ಅದನ್ನೂ ಮುಚ್ಚಿ ಹಾಕತಿ ಅಂದ್ರ, ನೀ ಇರು ಈ ಮನ್ಯಾಗ. ನಾ ಕೇರ್ಯಾಗ ಇರತೇನಿ. ಅಲ್ಲಿ ನಾ ಯಾರು ಅಂತ ಎಲ್ಲಾರಿಗೂ ಗೊತ್ತೈತಿ."

ಅಂದಿನಿಂದ ಕಟ್ಟೆಗೂ ಬರಲಿಲ್ಲ. ಪೂರ್ಣಿಮೆಗೆ ಐದು ದಿನ ಉಳಿದಿತ್ತು. ನಾನು ಚಿಂತೆಯ ನೌಕರಿಯಲ್ಲಿ ಹೆಚ್ಚುವರಿ ಪಾಳಿ ಮಾಡಿದೆ. ಅವಳನ್ನು ಒಳಗೆ ಕರೆತರಲು ನಾನು ಮಾಡಿದ್ದೆಲ್ಲ ಸೇರಿ, ಹೊರಗಿನ ಕಟ್ಟೆಯೂ ಕೈತಪ್ಪಿಹೋಗಿತ್ತು. ಕೂಡಿಸಲು ಹೋಗಿ ಕಳೆದಿದ್ದೆ. ಮಕ್ಕಳು ಹಾಗೆ ಮಾಡಿದರೆ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇನೆ.

ಮೂರು ದಿನ ನೋಡಿ ಹೆಂಡತಿ ಬಾಯಿ ಬಿಟ್ಟಳು. "ಅತ್ತೀನ ಈ ಮನಿ ಮಾಲಕಿ ಮಾಡಾಕ ಹೊಂಟೀರಲ್ಲ, ಮಾಲಕಿಗೆ ತನ್ನ ಗ್ವಾಡಿಗೆ ಏನ ಹಚ್ಚಬೇಕು ಅಂತ ಹೇಳೂ ಹಕ್ಕ ಇಲ್ಲೇನ್ರಿ?"

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಕೇಳಿದ ಇಂಥ ಪ್ರಶ್ನೆಗಳಿಗೆ ನಾನು ಉತ್ತರಿಸಿದ ದಾಖಲೆ ಇಲ್ಲ. ಕೆಮ್ಮಣ್ಣು ತಂದೆ.

ಅವ್ವ ಬಂದಳು. ಬುಟ್ಟಿಯಲ್ಲಿ, ಪುಂಡಿ ನಾರನ್ನು ಕಲ್ಲಿನಿಂದ ಜಜ್ಜಿ ಕಟ್ಟಿದ ಎರಡು ಕುಂಚ. ಹಿಂದಿನ ದಿನವೇ ಅಂಟು ನೆನೆಸಿಟ್ಟಿದ್ದಳು. ನಾನು ಸುಮ್ಮನಿರಬಹುದಿತ್ತು. ಬೆಳಗಾಗುವುದರೊಳಗೆ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡಿ, ನೀಲಿ ದಾರ ಮಿಡಿದು, ಮಣ್ಣು ಮೆತ್ತಿಸಿ ಹೊಸ ಸುಣ್ಣ ಹೊಡೆಸಿದ್ದ ಎರಡೂ ಗೋಡೆಗೆ ಕೂದಲೆಳೆಯಷ್ಟೂ ತಪ್ಪದ ಗೆರೆ ಹಾಕಿಸಿಟ್ಟಿದ್ದೆ. ಅವ್ವ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು.

"ಡೊಂಕ ಐತಿ."

"ಸಾಧ್ಯನ ಇಲ್ಲ. ಮಟ್ಟ ಹಿಡದು ಹಾಕೇನಿ."

"ಇಲ್ಲಿ ಬಂದು ನಿಂತು ನೋಡು."

ಅವಳ ಪಕ್ಕದಲ್ಲಿ ನಿಂತು ನೋಡಿದೆ. ನನ್ನ ಗೆರೆ ಬಾಗಿಲ ಹತ್ತಿರ ಒಂದು ಗೇಣು ಎತ್ತರದಲ್ಲಿ ಹೊರಟು, ಒಳಗೆ ಹೋಗುತ್ತ ಹೋಗುತ್ತ ನೆಲದೊಳಗೆ ಮುಳುಗುವ ಹಾವಿನಂತೆ ಕಾಣುತ್ತಿತ್ತು. ಏಕೆಂದರೆ ಹಳೆಯ ನೆಲ, ಮಳೆಯ ನೀರು ಹೊರಗೆ ಹರಿಯಲಿ ಎಂದು, ಬೀದಿಯ ಕಡೆ ಇಳಿಜಾರಾಗಿತ್ತು.

"ಗ್ವಾಡಿ ಡೊಂಕ, ನೆಲಾ ಡೊಂಕ. ನಿನ್ನ ಪೈಪ್ ಒಂದ ಸೀದಾ. ಗೆರಿ ನೋಡೂದು ಪೈಪ್ ಅಲ್ಲ, ಕಣ್ಣ" ಎಂದಳು ಅವ್ವ. ಗೋಡೆಯ ಮೇಲೆ ಗೇಣು ಇಟ್ಟು, ಅದರ ಮೇಲೆ ನಾಲ್ಕು ಬೆರಳು ಕೂಡಿಸಿ ತೋರಿಸಿದಳು: "ಗೇಣು, ಮ್ಯಾಲ ನಾಕ ಬಟ್ಟ. ನೆಲಾ ಹೋದಂಗ ಗೆರಿ ಹೋಗಬೇಕು." ಆಮೇಲೆ ದೇವಡಿಯ ಮೂಲೆಯಲ್ಲಿದ್ದ ಡಬ್ಬಿಗಳ ಕಡೆ ಬೆರಳು ಮಾಡಿ ಕೇಳಿದಳು: "ಅದೇನು?"

"ನೆಲಕ್ಕ ಹಚ್ಚೂ ಕೆಂಪ ಬಣ್ಣ. ಆಳ ಬಂದು ಹಚ್ಚತಾರ."

"ಆಳ ಬ್ಯಾಡ. ಅದನ್ನೂ ಇಟ್ಟ ಹೋಗು. ನೀ ಇಂಡಿಗೆ ಹೋಗಿ ಖೀರಿಗೆ ಅಕ್ಕಿ, ಬೆಲ್ಲ, ಮೇಣಬತ್ತಿ ತಗೊಂಬಾ. ನಿಂಬಿಹಣ್ಣ ಆರಿಸಿ ತಗೊಂಬಾ."

"ಅವನ್ನೆಲ್ಲ ನಾಳೆ..."

"ಇವತ್ತ ಹೋಗು. ನೀ ಇಲ್ಲಿ ನಿಂತು ಹುಬ್ಬ ಗಂಟ ಹಾಕಿದ್ರ ನನ್ನ ಕೈ ನಡಗತೈತಿ."

ಇಂಡಿಗೆ ಹೋಗುವ ಬಸ್ಸಿನಲ್ಲಿ ನಾನು ಚಿಂತಿಸಿದ ವಿಷಯಗಳು: ಅವ್ವ ನೆಲದ ಮೇಲೆ ಜಾರಿದರೆ, ಬಣ್ಣದ ವಾಸನೆಗೆ ತಲೆ ತಿರುಗಿದರೆ, ಕೈ ಈಗ ಮೊದಲಿನಂತೆ ಇಲ್ಲದೆ ಗೆರೆ ಡೊಂಕಾಗಿ, ಅವಳು ಅದನ್ನು ನೋಡಿ ಮೌನವಾದರೆ. ಕಡೆಯದು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಎಪ್ಪತ್ತು ದಾಟಿದ ಕೈ. ಹೊರಗೆ ನಿಂತವಳಾದರೂ, ಊರಿನಲ್ಲಿ ಒಬ್ಬಳೇ ಸೀದಾ ಗೆರೆ ಎಳೆಯುವವಳು ಎಂಬ ಒಂದು ಹೆಮ್ಮೆ ಅವಳ ಬಳಿ ಇತ್ತು. ಅದನ್ನೂ ನಾನು ಪಣಕ್ಕೆ ಹಚ್ಚಿ ಬಂದಿದ್ದೆ. ನಿಂಬೆಹಣ್ಣನ್ನು ಆರಿಸದೆ ತಂದೆ.

ಮರಳಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬೀದಿ ಬಾಗಿಲು ತೆರೆದೇ ಇತ್ತು. ಚೀಲ ಹಿಡಿದು ಹೊಸ್ತಿಲ ಮೇಲೆ ಕಾಲೆತ್ತಿದವನು ಹಾಗೆಯೇ ನಿಂತೆ.

ಹೊಸ್ತಿಲಿನಿಂದಲೇ ಶುರುವಾಗಿ ನೆಲ ಹಸಿ ಕೆಂಪಿನಲ್ಲಿ ಹೊಳೆಯುತ್ತಿತ್ತು. ಎರಡೂ ಕಡೆ ಬಿಳಿ ಗೋಡೆ, ಅದರ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ನೆಲದ ಜೊತೆಗೇ ಮೆತ್ತಗೆ ಏರುತ್ತ ಒಳಗೆ ಓಡಿತ್ತು. ಕಣ್ಣು ಕಿರಿದು ಮಾಡಿ ನೋಡಿದೆ. ತಪ್ಪು ಹುಡುಕುವುದು ನನ್ನ ಕಸುಬು. ಸಿಗಲಿಲ್ಲ. ಬಾಗಿಲ ಪಕ್ಕದ ಮೂಲೆಯಲ್ಲಿ ಜೋಡು ಇರಲಿಲ್ಲ. ದೇವಡಿಯ ಆ ತುದಿಯಲ್ಲಿ ಒಂದು ಮಣೆ, ಮಣೆಯ ಮೇಲೆ ಅವ್ವ, ಅವಳ ಬೆನ್ನಿನ ಹಿಂದೆ ಮೆಟ್ಟಿಲಿನ ಮೊದಲ ಹಲಗೆ.

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಇಪ್ಪತ್ತು ವರ್ಷ ಒಳಗಿನಿಂದ ಹೊರಗೆ ಸರಿಯುತ್ತ ಮಾಡಿದ ಕೆಲಸವನ್ನು ಅವಳು ಈ ಸಲ ಹೊಸ್ತಿಲಿನಿಂದ ಹಿಡಿದಿದ್ದಳು. ಬೀದಿಗೆ ಮುಖ ಮಾಡಿ, ಒಳಗೆ ಒಳಗೆ ಸರಿದಿದ್ದಳು. ಈಗ ಅವಳ ಮುಂದೆಲ್ಲ ಹಸಿ ಬಣ್ಣ. ಪಡಸಾಲೆಯ ಬಾಗಿಲ ಮುಂದೆಯೂ ಹಸಿ. ಆ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು ನಿಂತಿದ್ದ ನನ್ನ ಹೆಂಡತಿ, ಉದ್ದಕ್ಕೆ ಕೈ ಚಾಚಿ, ಚಹಾದ ಬಟ್ಟಲನ್ನು ಅತ್ತೆಗೆ ದಾಟಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಅವಳಿಗೆ ಎಲ್ಲ ಗೊತ್ತಿತ್ತು.

"ಅವ್ವಾ, ಹೊರಗ ಹೆಂಗ ಬರತಿ?" ಎಂದು ಕೂಗಿದೆ.

"ಹೊರಗ ಯಾಕ ಬರಬೇಕು?" ಎಂದಳು ಅವ್ವ. ಚಹಾ ಮುಗಿಸಿದಳು. ಬಟ್ಟಲು ವಾಪಸು ದಾಟಿಸಿದಳು. ಮಣೆಯನ್ನು ಎತ್ತಿ ಮೊದಲ ಮೆಟ್ಟಿಲ ಮೇಲಿಟ್ಟು, ಅದು ಇದ್ದಷ್ಟು ಜಾಗಕ್ಕೆ ಬಣ್ಣ ಎಳೆದು ಮುಗಿಸಿದಳು. ಈಗ ಅವಳ ಎರಡೂ ಕಾಲು ಮೆಟ್ಟಿಲಿನ ಮೇಲಿದ್ದವು. ಅಲ್ಲೇ ಕೂತು ಮಾಡಿದ್ದನ್ನೆಲ್ಲ ಒಮ್ಮೆ ನೋಡಿದಳು, ಒಂದು ಗೋಡೆ, ಇನ್ನೊಂದು ಗೋಡೆ. ನಾನು ನೋಡಿ ತಪ್ಪು ಸಿಗದ ಗೆರೆಯಲ್ಲಿ ಅವಳಿಗೆ ಏನಾದರೂ ಸಿಕ್ಕೀತೇ ಎಂದು ಉಸಿರು ಹಿಡಿದು ನಿಂತೆ.

"ಹ್ಞೂಂ" ಎಂದಳು.

ಆಮೇಲೆ ಎದ್ದು, ಸೆರಗು ಸಿಕ್ಕಿಸಿ, ಪಕ್ಕದ ಕಂಬಿ ಹಿಡಿದು ತಿರುಗಿದಳು.

"ಸಾವಕಾಶ! ಮೊಣಕಾಲ..."

"ಮೊಣಕಾಲಿಗೆ ಏನಾಗೇತಿ?" ಎಂದಳು, ತಿರುಗಿ ನೋಡದೆ.

ಹೊಸ್ತಿಲಿನಿಂದ ನನಗೆ ಮೂರು ಮೆಟ್ಟಿಲು ಮಾತ್ರ ಕಾಣುತ್ತವೆ. ಮೂರು ಹತ್ತಿದಳು, ಕಂಡಿತು. ಕೆಂಪು ಹತ್ತಿದ ಹಿಮ್ಮಡಿ ಮೇಲಕ್ಕೆ ಹೋಯಿತು, ಅದೂ ಕಂಡಿತು. ಆಮೇಲೆ ಏನೂ ಇಲ್ಲ. ನಾನು ಕಿವಿಗೊಟ್ಟೆ. ಐದನೆಯದು ಕಿರ್ರ್ ಅಂದರೆ ಐದಕ್ಕೆ ಬಂದಳು ಎಂದಾದರೂ ತಿಳಿಯುತ್ತಿತ್ತು. ಆದರೆ ಬಡಿಗೇರ ಕಾಕಾ ಆ ಮೆಟ್ಟಿಲಿನ ಬಾಯಿಗೆ ಬೆಣೆ ಹೊಡೆದಿದ್ದರು, ನಾನೇ ಹೊಡೆಸಿದ್ದೆ. ಬೆಕ್ಕು ಹತ್ತಿದರೂ ಸದ್ದಿಲ್ಲ, ಆನೆ ಹತ್ತಿದರೂ ಸದ್ದಿಲ್ಲ, ಅವ್ವ ಹತ್ತಿದರೂ ಸದ್ದಿಲ್ಲ. ಎಣ್ಣೆ ಹಚ್ಚಿದ ಹಲಗೆ ಜಾರುತ್ತದೆಯೇ? ಮೂರು ಕೈ ಹೆಚ್ಚಾಯಿತೇ? ತಗ್ಗಿನಲ್ಲಿ ಅವಳ ಕಾಲು ಕೂರುತ್ತದೆಯೇ? ನಾನು ಒಂದು, ಎರಡು ಎಂದು ಎಣಿಸತೊಡಗಿದೆ. ಅವಳ ನಡಿಗೆಯ ಲೆಕ್ಕದಲ್ಲಿ ಹನ್ನೊಂದು ಎಂದೋ ಆಗಿಹೋಯಿತು. ಒಳಗೆ ಹೋಗೋಣವೆಂದರೆ ಹಸಿ. ವಾಡೆಯ ಮಾಲೀಕ, ಕೈಯಲ್ಲಿ ಅಕ್ಕಿ ಬೆಲ್ಲದ ಚೀಲ ಹಿಡಿದು, ಹೊಸ್ತಿಲ ಹೊರಗೆ ಬಿಸಿಲಿನಲ್ಲಿ ನಿಂತಿದ್ದೆ.

ತಲೆಯ ಮೇಲೆ ಕಿಟಕಿ ದಡ್ ಎಂದು ತೆರೆಯಿತು. ವರ್ಷಗಳ ಧೂಳು ನನ್ನ ನೆತ್ತಿಗೆ ಸುರಿಯಿತು.

ಅವ್ವ ಕಿಟಕಿಯಲ್ಲಿ ಇದ್ದಳು. ಎರಡೂ ಮೊಣಕೈ ಚೌಕಟ್ಟಿನ ಮೇಲಿಟ್ಟು, ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಕೆಳಗೆ ನನ್ನನ್ನು ನೋಡಿದಳು. ಏನಾದರೂ ದೊಡ್ಡ ಮಾತು ಹೇಳುತ್ತಾಳೆ ಎಂದು ಮುಖ ಮೇಲೆತ್ತಿ ಕಾದೆ.

"ತಮ್ಮಾ, ಹೊರಗಿನ ಗ್ವಾಡಿ ಕಾರಣಿ ಯಾರ ಕೈಲೆ ಹೊಡಿಸಿದಿ?"

"ನೀ ಬರದಿದ್ದಾಗ ಇಂಡಿ ಕಡಿಯಾಂವ ಒಬ್ಬ ಬಂದಿದ್ದ."

"ಎಷ್ಟ ಡೊಂಕ ಐತಿ! ಕೆಳಗಿಂದ ಕಾಣತಿರಲಿಲ್ಲ, ಇಲ್ಲಿಂದ ಎಲ್ಲಾ ಕಾಣತೈತಿ. ಪೂರ್ಣಿಮಾ ಆಗಲಿ, ಅದನ್ನೂ ನೋಡೂಣು." ಮತ್ತೆ ಸೇರಿಸಿದಳು: "ನೀ ಅಲ್ಲೇ ಕಟ್ಟಿ ಮ್ಯಾಲ ಕುಂದ್ರು. ಗಾಳಿ ಚೊಲೋ ಐತಿ. ಒಣಗೂ ತನಕ ಒಳಗ ಕಾಲ ಇಡಬ್ಯಾಡ."

ಕಟ್ಟೆಯ ಮೇಲೆ ಕುಳಿತೆ. ಅವಳು ಒಂದು ತಿಂಗಳು ಕುಳಿತ ಜಾಗ. ಕಲ್ಲು ಕಾದಿತ್ತು, ಗಾಳಿ ಅವಳು ಹೇಳುತ್ತಿದ್ದಷ್ಟು ಚೆನ್ನಾಗಿಯೇನೂ ಇರಲಿಲ್ಲ. ಕನ್ನಡಕ ಒರೆಸಿಕೊಳ್ಳಬೇಕಾಯಿತು, ಧೂಳು ಬಿದ್ದಿತ್ತು ಎಂದು ಯಾರಾದರೂ ಕೇಳಿದರೆ ಹೇಳಲು ತಯಾರಾಗಿದ್ದೆ.

ಕೇಳಿದ್ದು ಬೇರೆ. ಓಣಿಯ ಹಿರಿಯರೊಬ್ಬರು ಕೊಡೆ ಹಿಡಿದು ಹಾದುಹೋಗುತ್ತಿದ್ದವರು ನಿಂತರು. ಮನೆ ಕೊಂಡ ಸುದ್ದಿಗೆ ಎರಡು ಕ್ಷಣ ಸುಮ್ಮನಾಗಿದ್ದವರಲ್ಲಿ ಅವರೂ ಒಬ್ಬರು. ಧೂಳು ತುಂಬಿದ ನನ್ನ ತಲೆ ನೋಡಿದರು, ತೊಡೆಯ ಮೇಲಿದ್ದ ಚೀಲ ನೋಡಿದರು.

"ಯಾಕ್ರಿ ಮಾಸ್ತರ್ರ, ಸ್ವಂತ ಮನಿ ಇಟಗೊಂಡು ಬಿಸಲಾಗ ಹೊರಗ ಕುಂತೀರಲ್ರಿ?"

ಸಾಮಾನ್ಯವಾಗಿ ನಾನು ಹೊರಗೆ ಮೆಲ್ಲಗೆ ಮಾತಾಡುವವನು. ಯಾರು ಏನಂದಾರು ಎಂಬ ಲೆಕ್ಕ ಮುಗಿಯುವುದರೊಳಗೆ ಮಾತಾಡುವ ಸಂದರ್ಭವೇ ದಾಟಿಹೋಗಿರುತ್ತದೆ. ಅಂದು ಲೆಕ್ಕ ಮಾಡಲಿಲ್ಲ. ಮೇಲೆ ಕಿಟಕಿಗೂ ಕೇಳಲಿ, ಓಣಿಯ ಆ ತುದಿಗೂ ಕೇಳಲಿ ಎಂದು, ತರಗತಿಯ ಕಡೆಯ ಸಾಲಿಗೆ ಹೇಳುವ ದನಿಯಲ್ಲಿ ಹೇಳಿದೆ:

"ನಮ್ಮವ್ವ ಇನ್ನೂ ಒಳಗ ಬಿಟ್ಟಿಲ್ರಿ."